ಮಹಾದೇವಿ ಬಾಯಿಪಾಠ ಮಾಡಿದ ಮಾತು

ಮಹಾದೇವಿಯ ಕಿಡ್ನಿ ಅವಳ ಗಂಡನಿಗೆ ಹೊಂದುತ್ತದೆ ಎಂದು ಆಸ್ಪತ್ರೆಯವರು ತಿಳಿಸಿದ ವಾರವೇ, ಟೀವಿಯ ಆಸ್ಪತ್ರೆ ಧಾರಾವಾಹಿಯಲ್ಲಿ ಹೆಂಡತಿಯೊಬ್ಬಳು ಗಂಡನಿಗೆ ಕಿಡ್ನಿ ಕೊಟ್ಟಳು. ಇದರಲ್ಲಿ ದೈವದ ಕೈವಾಡವೇನೂ ಇಲ್ಲ. ಅಂಥ ಧಾರಾವಾಹಿಗಳಲ್ಲಿ ಯಾರಾದರೂ ಯಾರಿಗಾದರೂ ಆಗಾಗ ಏನನ್ನಾದರೂ ಕೊಡಲೇಬೇಕು. ಆದರೆ ಆ ದೃಶ್ಯ ಬಂದಾಗ ಮಹಾದೇವಿ ಭದ್ರಮ್ಮನ ನಡುಮನೆಯಲ್ಲಿ ಗೋಡೆಗೊರಗಿ ಕೂತಿದ್ದಳು. ಅವಳ ಸಂಗತಿ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಭದ್ರಮ್ಮ ಬೊಮ್ಮಸಂದ್ರದ ಹಳೆಯ ಒಕ್ಕಲು ಮನೆತನದವರು. ಹೊಲವೆಲ್ಲ ಕಾರ್ಖಾನೆಗಳಿಗೆ ಹೋದ ಮೇಲೆ ಉಳಿದ ಜಾಗದಲ್ಲಿ ಸಾಲಾಗಿ ಕೋಣೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಾರೆ. ಅವರ ಮನೆಯ ಮಹಡಿಯಲ್ಲಿ ನಾನಿದ್ದೇನೆ. ಸಂಜೆಯಾದರೆ ಕೋಣೆಗಳ ಹೆಂಗಸರು ಅವರ ನಡುಮನೆಗೆ ಬಂದು ಸೇರುತ್ತಾರೆ. ತಮ್ಮ ಕೋಣೆಗಳಲ್ಲಿ ಟೀವಿ ಇಲ್ಲವೆಂದಲ್ಲ. ಇಲ್ಲಿ ವಾದ ಮಾಡಲು ಜನ ಸಿಗುತ್ತಾರೆ.

ಮಹಾದೇವಿ ಯಾದಗಿರಿ ಕಡೆಯವಳು. ಮದುವೆಯಾಗಿ ಬಂದವಳು ಇಲ್ಲಿನ ಔಷಧಿ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗ ಸೇರಿದಳು. ಗುಳಿಗೆಯ ಪಟ್ಟಿಗಳನ್ನು ಡಬ್ಬಿಗೆ, ಡಬ್ಬಿಗಳನ್ನು ದೊಡ್ಡ ಪೆಟ್ಟಿಗೆಗೆ ತುಂಬಿ, ಪೆಟ್ಟಿಗೆಯನ್ನು ಎತ್ತಿ ಪೇರಿಸಿಡುವ ಕೆಲಸ. ಶಿಫ್ಟು ಮುಗಿಯುವವರೆಗೂ ನಿಂತೇ ಇರಬೇಕು. ಅವಳ ಗಂಡ ಕಾಡಪ್ಪ ಜಿಗಣಿಯ ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲಿಗೆ ಪಾಲಿಶ್ ಹಿಡಿಯುತ್ತಿದ್ದ. ಬಗ್ಗಿ ಬಗ್ಗಿ ಬೆನ್ನು ನೋಯುತ್ತಿತ್ತು. ಮೆಡಿಕಲ್ ಶಾಪಿನವನು ಕೊಟ್ಟ ನೋವಿನ ಗುಳಿಗೆಯನ್ನು ವರ್ಷಗಟ್ಟಲೆ ಚಹಾದ ಜೊತೆ ನುಂಗಿದ. ಒಂದು ದಿನ ಅವನ ಪಾದ ಚಪ್ಪಲಿಯೊಳಗೆ ಹೋಗಲಿಲ್ಲ. ಪರೀಕ್ಷೆ ಮಾಡಿದಾಗ ಎರಡೂ ಕಿಡ್ನಿ ಕೆಟ್ಟಿದ್ದವು. ಆಮೇಲಿಂದ ವಾರಕ್ಕೆರಡು ಸಲ ಡಯಾಲಿಸಿಸ್. ಖರ್ಚೆಲ್ಲ ಕಾರ್ಮಿಕರ ವಿಮೆಯಾದ ಇಎಸ್‌ಐ ನೋಡಿಕೊಳ್ಳುತ್ತಿದ್ದುದರಿಂದ ಹಣದ ಚಿಂತೆ ಇರಲಿಲ್ಲ. ಇದ್ದದ್ದು ಬೇರೆ ಚಿಂತೆ. ಇವನಿಗೆ ಕಿಡ್ನಿ ಕೊಡುವವರು ಯಾರು?

ಆ ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳಲೇ ಇಲ್ಲ. ಡಾಕ್ಟರು ಮನೆಯವರ ಹೆಸರು ಕೇಳಿದಾಗ ಕಾಡಪ್ಪನ ತಮ್ಮ ಮುತ್ತಣ್ಣ "ಹೆಂಡ್ತಿ ಅದಾಳ್ರಿ" ಎಂದ. ಮುತ್ತಣ್ಣನಿಗೆ ಇನ್ನೂ ಮೂವತ್ತು ತುಂಬಿಲ್ಲ. ಅದೇ ಜಿಗಣಿಯಲ್ಲಿ ಕೆಲಸ, ಗಟ್ಟಿಮುಟ್ಟಾದ ಆಳು. ಅವನ ರಕ್ತವನ್ನೂ ಪರೀಕ್ಷೆ ಮಾಡಿಸಬಹುದು ಎಂಬುದು ಅವನಿಗೂ ಹೊಳೆಯಲಿಲ್ಲ, ಊರಿನಿಂದ ದಿನಾ ಫೋನ್ ಮಾಡುತ್ತಿದ್ದ ಅವನ ತಾಯಿಗೂ ಹೊಳೆಯಲಿಲ್ಲ. ಮಹಾದೇವಿ ರಕ್ತ ಕೊಟ್ಟಳು. ರಕ್ತ ಹೊಂದಿತು. ಉಳಿದ ಪರೀಕ್ಷೆಗಳೂ ಹೊಂದಿದವು. ಒಂದೊಂದು ಹೊಂದಿದಾಗಲೂ ಮುತ್ತಣ್ಣ ಪೇಡೆ ತಂದು ಹಂಚಿದ.

ಪೇಡೆ ತಿಂದ ದಿನಗಳಲ್ಲೇ ಮಹಾದೇವಿಗೆ ಊಟ ಸೇರದಾಯಿತು. ಅವಳಿಗೆ ಭಯವಾಗಿತ್ತು. ಕತ್ತಿಯ ಭಯ. ಅವಳು ಸಣ್ಣವಳಿದ್ದಾಗ ಅವಳ ಅವ್ವ ಮಕ್ಕಳಾಗದ ಆಪರೇಷನ್ ಮಾಡಿಸಿಕೊಳ್ಳಲು ಶಾಲೆಯಲ್ಲಿ ನಡೆದ ಶಿಬಿರಕ್ಕೆ ಹೋಗಿದ್ದಳು. ಹೋಗುವಾಗ ತಲೆಗೆ ಎಣ್ಣೆ ಹಚ್ಚಿಕೊಂಡು, ಮಗಳಿಗೆ ರೊಟ್ಟಿ ಮುಚ್ಚಿಟ್ಟು, ನಡೆದುಕೊಂಡು ಹೋದಳು. ಟಂಟಂ ಆಟೊದಲ್ಲಿ ಮಲಗಿಸಿಕೊಂಡು ಬಂದರು. ಹೊಟ್ಟೆ ಬಾತು, ಜ್ವರ ಏರಿ, ವಾರದೊಳಗೆ ಸತ್ತಳು. ಸಣ್ಣ ಆಪರೇಷನ್ ಎಂದು ಅಂದೂ ಎಲ್ಲರೂ ಹೇಳಿದ್ದರು.

ಒಂದು ದಿನ ಮಹಾದೇವಿ ಮಹಡಿ ಹತ್ತಿ ಬಂದಳು. ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದವಳೆಂದು ಭದ್ರಮ್ಮ ಹೇಳಿದ್ದರಂತೆ. ಒಂದೇ ಕಿಡ್ನಿಯಲ್ಲಿ ಮನುಷ್ಯ ಬದುಕುತ್ತಾನೆಯೇ ಎಂದು ಕೇಳಿದಳು. ಬದುಕುತ್ತಾನೆ, ಕೊಟ್ಟವರಲ್ಲಿ ಬಹುಪಾಲು ಜನ ಚೆನ್ನಾಗಿಯೇ ಇರುತ್ತಾರೆ, ಆಪರೇಷನ್ನಿನಲ್ಲಿ ಅಪಾಯ ಬಹಳ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನಲಾಗದು ಎಂದು ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅವಳು ಮೊದಲಿನ ಮಾತುಗಳನ್ನೆಲ್ಲ ಬಿಟ್ಟು ಕಡೆಯದೊಂದನ್ನೇ ಹಿಡಿದುಕೊಂಡಳು.

"ಇಲ್ಲವೇ ಇಲ್ಲ ಅನ್ನಾಕ ಬರಾಂಗಿಲ್ಲ ಅಂದ್ರೆಲ್ರಿ ಅಮ್ಮಾರ" ಎಂದು ಎದ್ದು ಹೋದಳು.

ಧಾರಾವಾಹಿಯ ದೃಶ್ಯ ಬಂದದ್ದು ಇದಾದ ಎರಡು ದಿನಕ್ಕೆ. ನಾಯಕಿ ಮತ್ತು ಅವಳ ಗಂಡ ಅಕ್ಕಪಕ್ಕದ ಸ್ಟ್ರೆಚರಿನಲ್ಲಿ ಮಲಗಿದ್ದಾರೆ. ತಾಳಿ ತೆಗೆಯಲು ನರ್ಸು ಹೇಳುತ್ತಾಳೆ, ನಾಯಕಿ ಒಪ್ಪುವುದಿಲ್ಲ. ಯಾಕಮ್ಮ ಕಿಡ್ನಿ ಕೊಡುತ್ತಿದ್ದೀಯ ಎಂದು ಹಿರಿಯ ಡಾಕ್ಟರು ಎಲ್ಲರೆದುರು ಕೇಳುತ್ತಾರೆ. ಅವಳು ಗಂಡನ ಕೈ ಹಿಡಿದು, "ನನ್ನ ಜೀವವೇ ಇವರದು ಡಾಕ್ಟರ್. ಅದರಲ್ಲಿ ಒಂದು ತುಂಡು ಇವರಿಗೆ ಕೊಟ್ಟರೆ ಅದು ದಾನವಲ್ಲ, ಇವರದನ್ನು ಇವರಿಗೇ ಒಪ್ಪಿಸಿದ ಹಾಗೆ" ಎನ್ನುತ್ತಾಳೆ. ಪಿಟೀಲು ಮೊಳಗುತ್ತದೆ. ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ತಾಳಿ ಇರಲಿ ಬಿಡಿ ಎಂದು ನರ್ಸಿಗೆ ಹೇಳುತ್ತಾರೆ.

ಜಾಹೀರಾತು ಬಂದ ತಕ್ಷಣ ವಾದ ಶುರುವಾಯಿತು. ಭದ್ರಮ್ಮ ಸೆರಗಿನಿಂದ ಮೂಗೊರೆಸಿಕೊಂಡು, "ಎಣ್ಣು ಅಂದರೆ ಅಂಗಿರಬೇಕು" ಎಂದರು. ಅವರ ಸೊಸೆ ಯಮುನಾ ಎಲೆಕ್ಟ್ರಾನಿಕ್ ಸಿಟಿಯ ಬ್ಯಾಂಕೊಂದರಲ್ಲಿ ಕೆಲಸ ಮಾಡುವವಳು. ಆಗ ತಾನೇ ಬಂದು ಬ್ಯಾಗು ಕೂಡ ಇಳಿಸಿರಲಿಲ್ಲ. ಆಪರೇಷನ್ ಥಿಯೇಟರಿಗೆ ತಾಳಿ ಹಾಕಿಕೊಂಡು ಯಾವ ಆಸ್ಪತ್ರೆಯಲ್ಲಿ ಬಿಡುತ್ತಾರೆ, ಅಷ್ಟು ಮೇಕಪ್ಪಿನಲ್ಲಿ ಯಾರಿಗೆ ಅರಿವಳಿಕೆ ಕೊಡುತ್ತಾರೆ ಎಂದು ಹೀಯಾಳಿಸಿದಳು. ಕಾರ್ಖಾನೆಯ ಹೆಂಗಸರಲ್ಲಿ ಕೆಲವರು ಅತ್ತೆಯ ಕಡೆಯಾದರು, ಕೆಲವರು ಸೊಸೆಯ ಕಡೆ. ತಾಳಿ ಬೇಕೋ ಬೇಡವೋ ಎಂಬಲ್ಲಿಂದ ಮಾತು ಕಿಡ್ನಿ ಕೊಡಬೇಕೋ ಬೇಡವೋ ಎಂಬಲ್ಲಿಗೆ ಬಂತು.

"ಅತ್ತೆ, ಅವಳ ಕಿಡ್ನಿ ಕೆಟ್ಟಿದ್ರೆ ಅವನು ಕೊಡ್ತಿದ್ನಾ? ಅದನ್ನ ಹೇಳಿ" ಎಂದಳು ಯಮುನಾ.

"ಅವನ್ಯಾಕ್ ಕೊಟ್ಟಾನು ಬುಡು. ತಿಥಿ ಮುಗೀತಿದ್ದಂಗೆ ಇನ್ನೊಂದ್ ಮದ್ವೆ ಆಯ್ತಿದ್ದ" ಎಂದರು ಭದ್ರಮ್ಮ, ಕಣ್ಣು ಒದ್ದೆಯಿದ್ದ ಹಾಗೆಯೇ.

ಎಲ್ಲರೂ ನಕ್ಕರು. ನಕ್ಕವರಿಗೆ ಮಹಾದೇವಿ ಅಲ್ಲೇ ಇದ್ದಾಳೆಂಬುದು ಒಬ್ಬರಾದ ಮೇಲೊಬ್ಬರಿಗೆ ನೆನಪಾಯಿತು. ನಗು ನಿಂತಿತು. ಒಬ್ಬಳು ಅವಳ ಕಡೆ ತಿರುಗಿ, ನಮ್ಮ ಮಾದೇವಿಯೂ ಹಾಗೇ, ಚಿನ್ನದಂಥವಳು ಎಂದಳು. ಮಹಾದೇವಿ ಮಂಡಿಯ ಮೇಲಿನ ಸೀರೆಯನ್ನು ಬೆರಳಲ್ಲಿ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು.

ಆ ದೃಶ್ಯವನ್ನು ಮುತ್ತಣ್ಣನೂ ನೋಡಿದ್ದ, ಫೋನಿನಲ್ಲಿ. ಅವನ ತಲೆಯಲ್ಲಿ ಅದು ಬೇರೆ ರೀತಿ ಕೆಲಸ ಮಾಡಿತು. ಕಿಡ್ನಿ ಕೊಡುವವರನ್ನು ಆಸ್ಪತ್ರೆಯಲ್ಲಿ ಕೂರಿಸಿ, ವಿಡಿಯೊ ಮಾಡಿಕೊಳ್ಳುತ್ತ ಪ್ರಶ್ನೆ ಕೇಳುತ್ತಾರೆ. ಯಾರದಾದರೂ ಒತ್ತಾಯ ಇದೆಯೆಂದು ಅನುಮಾನ ಬಂದರೆ ಒಪ್ಪಿಗೆ ಕೊಡುವುದಿಲ್ಲ. ಡಯಾಲಿಸಿಸ್ ವಾರ್ಡಿನ ಹೊರಗೆ ಕಾಯುವ ಜನರಿಂದ ಮುತ್ತಣ್ಣ ಇದನ್ನು ಕೇಳಿಕೊಂಡಿದ್ದ. ಒಬ್ಬ ಹೆಂಗಸು ಕ್ಯಾಮೆರಾ ಮುಂದೆ ತೊದಲಿದ್ದಕ್ಕೆ ಎಲ್ಲ ಕೆಟ್ಟಿತಂತೆ. ಹಾಗಾದರೆ ತೊದಲದಂಥ ಉತ್ತರ ಬೇಕು. ಹಿರಿಯ ಡಾಕ್ಟರನ್ನೇ ಅಳಿಸಿದ ಉತ್ತರ ಕೈಯಲ್ಲೇ ಇರುವಾಗ ಬೇರೆ ಯಾಕೆ ಹುಡುಕಬೇಕು?

ದಿನಾ ಸಂಜೆ ಬಂದು ಪಾಠ ಶುರುಮಾಡಿದ. ಮಹಾದೇವಿ ರೊಟ್ಟಿ ಬಡಿಯುತ್ತಿರುವಾಗ ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ಆ ದೃಶ್ಯ ಹಾಕುತ್ತಿದ್ದ. ಅವಳು ಕೇಳಿ ಹೇಳಬೇಕು. ಅವಳ ಬಾಯಲ್ಲಿ ಆ ಕನ್ನಡ ಹೊರಳುತ್ತಿರಲಿಲ್ಲ. ಜೀವವೇ ಎನ್ನುವಲ್ಲಿ ಜೀವಾನ ಎನ್ನುತ್ತಿದ್ದಳು.

"ವೈನಿ, ಆಕಿ ಹೆಂಗಂತಾಳ ಹಂಗ ಅನ್ರಿ. ಕಣ್ಣಾಗ ನೀರು ಬಂದ್ರ ಇನ್ನೂ ಚಲೋ" ಎನ್ನುತ್ತಿದ್ದ.

ಕಣ್ಣಲ್ಲಿ ನೀರು ಬರುವುದೇನೂ ಕಷ್ಟವಿರಲಿಲ್ಲ. ಕಾಡಪ್ಪ ಚಾಪೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ಅವನು ಒಮ್ಮೆಯೂ ಕೊಡು ಎಂದವನಲ್ಲ, ಬೇಡ ಎಂದವನೂ ಅಲ್ಲ. ಅವರ ಮಗಳು, ಒಂದನೇ ತರಗತಿಯವಳು, ಅವ್ವನಿಗಿಂತ ಮೊದಲು ಆ ಮಾತನ್ನು ಕಲಿತು ಅಂಗಳದಲ್ಲಿ ಹೇಳಿಕೊಂಡು ಕುಣಿಯುತ್ತಿದ್ದಳು. ಹೊರಗಿನಿಂದ ಆ ದನಿ ಕೇಳಿದರೆ ಮಹಾದೇವಿಯ ಕೈ ಹಿಟ್ಟಿನಲ್ಲೇ ನಿಲ್ಲುತ್ತಿತ್ತು. ತಾನು ಟಂಟಂನಲ್ಲಿ ಬಂದರೆ ಈ ಮಗುವಿಗೆ ರೊಟ್ಟಿ ಮುಚ್ಚಿಡುವವರು ಯಾರು ಎಂಬುದೊಂದೇ ಅವಳ ತಲೆಯಲ್ಲಿ.

ಕೆಲಸದಲ್ಲೂ ಕೈ ತಪ್ಪತೊಡಗಿತು. ಡಬ್ಬಿಗೆ ಪಟ್ಟಿ ಹಾಕದೆ ಮುಚ್ಚಿ ಮುಂದೆ ಕಳಿಸಿದ್ದಕ್ಕೆ ಸೂಪರ್‌ವೈಸರ್ ಗದರಿದ. ಅವಳ ಸಾಲಿನಲ್ಲೇ ಒಬ್ಬಳು ಗರ್ಭಕೋಶ ತೆಗೆಸಿಕೊಂಡು ಬಂದ ಮೇಲೆ ಪೆಟ್ಟಿಗೆ ಎತ್ತಲಾರದೆ ಕೆಲಸ ಬಿಟ್ಟಿದ್ದಳು. ಮಹಾದೇವಿ ಈಗ ಪ್ರತಿ ಪೆಟ್ಟಿಗೆ ಎತ್ತುವಾಗಲೂ ಪಕ್ಕೆಯನ್ನೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಅಲ್ಲಿ ಆಗಲೇ ಹೊಲಿಗೆ ಇದೆಯೇನೋ ಎಂಬಂತೆ.

ಆಸ್ಪತ್ರೆಯ ದಿನ ಬಂತು. ಒಳಗೆ ಏನಾಯಿತೆಂಬುದನ್ನು ಮಹಾದೇವಿಯೇ ಆಮೇಲೆ ನನಗೆ ಹೇಳಿದಳು.

ಧಾರಾವಾಹಿಯಲ್ಲಿ ಇದ್ದಂತೆ ಎಲ್ಲರೆದುರು ಕೇಳುತ್ತಾರೆ, ಮುತ್ತಣ್ಣ ಪಕ್ಕದಲ್ಲಿರುತ್ತಾನೆ, ತಾನು ಹೇಳಿ ಮುಗಿಸಿದರಾಯಿತು ಎಂದು ಅವಳು ತಿಳಿದಿದ್ದಳು. ಬಾಗಿಲಲ್ಲೇ ಮುತ್ತಣ್ಣನನ್ನು ತಡೆದರು. ಕಾಡಪ್ಪನನ್ನೂ ಹೊರಗೇ ಕೂರಿಸಿದರು. ಒಬ್ಬಳೇ ಒಳಗೆ ಹೋಗಬೇಕು. ಒಬ್ಬಾಕೀನ ಏನ್ರಿ ಎಂದು ಕೇಳಿದಳಂತೆ. ಒಳಗೆ ಇದ್ದವರು ಮೂವರು. ಒಬ್ಬ ಡಾಕ್ಟರು, ಕ್ಯಾಮೆರಾದವನು, ಮತ್ತೆ ಕಿಡ್ನಿ ಕೊಡುವವರ ಜೊತೆ ಮಾತಾಡುವುದೇ ಕೆಲಸವಾದ ಶ್ಯಾಮಲಾ ಎಂಬ ಹೆಂಗಸು. ಪಿಟೀಲು ಇರಲಿಲ್ಲ. ಫ್ಯಾನು ತಿರುಗುವ ಸದ್ದು ಮಾತ್ರ.

ಹೆಸರು, ಊರು, ಮದುವೆಯಾದ ವರ್ಷ ಎಲ್ಲ ಕೇಳಿದರು. ಅದಕ್ಕೆಲ್ಲ ಅವಳು ತನ್ನ ಮಾತಿನಲ್ಲೇ ಉತ್ತರ ಕೊಟ್ಟಳು. ಯಾಕೆ ಕೊಡುತ್ತಿದ್ದೀರಿ ಎಂದು ಡಾಕ್ಟರು ಕೇಳಿದರು. ಮಹಾದೇವಿ ಬೆನ್ನು ನೆಟ್ಟಗೆ ಮಾಡಿದಳು. ಜೀವವೇ ಇವರದು ಎಂಬಲ್ಲಿಂದ ಇವರಿಗೇ ಒಪ್ಪಿಸಿದ ಹಾಗೆ ಎಂಬವರೆಗೆ ಒಂದು ಅಕ್ಷರ ತಪ್ಪದೆ, ತೊದಲದೆ ಹೇಳಿದಳು. ಕಣ್ಣಲ್ಲಿ ನೀರೂ ಬಂತು.

ಡಾಕ್ಟರು ಕನ್ನಡಕ ತೆಗೆಯಲಿಲ್ಲ. ಶ್ಯಾಮಲಾ ಕ್ಯಾಮೆರಾದವನಿಗೆ ಸ್ವಲ್ಪ ನಿಲ್ಲಿಸು ಎಂದು ಸನ್ನೆ ಮಾಡಿ, ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು.

"ನಮ್ಮನೇಲೂ ಅದೇ ಸೀರಿಯಲ್ ನೋಡ್ತಾರಮ್ಮ. ಮೊನ್ನೆ ಇನ್ನೊಬ್ರು ಬಂದು ಇದನ್ನೇ ಹೇಳಿದ್ರು. ಆ ಸೀರಿಯಲ್ಲಿನವಳ ಮಾತು ಕೇಳಿದ್ದಾಯ್ತು. ನಿಮ್ಮದು ಹೇಳಿ."

ಮಹಾದೇವಿಯ ಹತ್ತಿರ ಇದ್ದದ್ದು ಅದೊಂದೇ ಉತ್ತರ. ಸಿಕ್ಕಿಬಿದ್ದೆ, ಪೊಲೀಸರನ್ನು ಕರೆಯುತ್ತಾರೆ ಎಂದುಕೊಂಡಳಂತೆ. ಬಾಗಿಲ ಕೆಳಗಿನ ಸಂದಿಯಲ್ಲಿ ಮುತ್ತಣ್ಣನ ಚಪ್ಪಲಿ ಕಾಣುತ್ತಿತ್ತು. ಅವನು ಅಡ್ಡಾಡುತ್ತಿದ್ದ. ಆ ಚಪ್ಪಲಿಯನ್ನೇ ನೋಡುತ್ತ ಕೂತಳು. ಅದು ಆಚೆ ಹೋದಾಗ ಬಾಯಿಬಿಟ್ಟಳು.

"ನನಗ ಅಂಜಿಕಿ ಬರ್ತೈತ್ರಿ."

ಅಷ್ಟು ಹೇಳಿದ ಮೇಲೆ ಉಳಿದದ್ದು ತಾನೇ ಬಂತು. ಅವ್ವನ ಆಪರೇಷನ್, ಬಾತ ಹೊಟ್ಟೆ, ಮಗಳು, ಪೆಟ್ಟಿಗೆ ಎತ್ತುವ ಕೆಲಸ. ಗಂಡನ ಮೇಲೆ ಸಿಟ್ಟಿಲ್ಲ, ಅವನು ಬದುಕಬೇಕು, ಆದರೆ ಕತ್ತಿಯ ಕೆಳಗೆ ಮಲಗಲು ತನ್ನಿಂದ ಆಗದು ಎಂದಳು. ಹೊರಗೆ ಯಾರೂ ಇಲ್ಲ ಅಂದುಕೊಳ್ಳಿ, ಆಗ ಕೊಡುತ್ತೀರಾ ಎಂದು ಶ್ಯಾಮಲಾ ಕೇಳಿದಳು. ಒಲ್ಲೆ ಎಂದಳು ಮಹಾದೇವಿ. ಹೇಳಿದ ಮೇಲೆ, ತಾನು ಗಂಡನನ್ನು ಕೊಂದೆನೇ ಎಂದು ಕೇಳಿದಳು. ಡಾಕ್ಟರು ಸುಳ್ಳು ಸಮಾಧಾನ ಹೇಳಲಿಲ್ಲ. ಡಯಾಲಿಸಿಸ್ ನಡೆಯುತ್ತದೆ, ಸತ್ತವರಿಂದ ಸಿಗುವ ಕಿಡ್ನಿಗಾಗಿ ಹೆಸರು ಬರೆಸಬಹುದು, ಅದಕ್ಕೆ ವರ್ಷಗಳೇ ಹಿಡಿಯಬಹುದು, ಮನೆಯಲ್ಲಿ ಬೇರೆಯವರನ್ನೂ ಪರೀಕ್ಷೆ ಮಾಡಬಹುದು ಎಂದರು. ನೀವು ಒಲ್ಲೆ ಅಂದದ್ದು ಈ ಬಾಗಿಲು ದಾಟುವುದಿಲ್ಲ, ಹೊರಗಿನವರಿಗೆ ಕಿಡ್ನಿ ಹೊಂದುವುದಿಲ್ಲ ಎಂದಷ್ಟೇ ಹೇಳುತ್ತೇವೆ ಎಂದರು.

ಹೊರಗೆ ಬಂದು ಶ್ಯಾಮಲಾ ಹಾಗೇ ಹೇಳಿದಳು. ರಕ್ತ ಹೊಂದಿದೆ ಅಂದಿದ್ದಿರಲ್ಲ ಎಂದು ಮುತ್ತಣ್ಣ ದನಿ ಏರಿಸಿದ. ರಕ್ತ ಒಂದೇ ಸಾಲದು ಎಂದು ಶ್ಯಾಮಲಾ ಹೇಳಿ, ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ನೀವು ತಮ್ಮ ಅಲ್ವಾ? ನಿಮ್ಮ ಬ್ಲಡ್ ಗ್ರೂಪ್ ಯಾವುದು?"

ಮುತ್ತಣ್ಣ ಫೋನು ತೆಗೆದು ಹೊತ್ತು ನೋಡಿದ. ಇವತ್ತು ಶಿಫ್ಟಿದೆ, ಇನ್ನೊಂದು ದಿನ ಬರುತ್ತೇನೆ ಎಂದ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ ಎಂದು ಮಹಾದೇವಿ ಹೇಳಿದಳು. ಆ ಮುಖವನ್ನು ಅವಳು ಎಷ್ಟೋ ದಿನಗಳಿಂದ ತನ್ನ ಕನ್ನಡಿಯಲ್ಲಿ ನೋಡುತ್ತಿದ್ದಳು. ಅದರಿಂದ ಅವಳಿಗೇನೂ ಖುಷಿಯಾಗಲಿಲ್ಲ.

ಭಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹೊಸ ರೂಪ ತಾಳಿತು. ನರ್ಸುಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತಾರೆ, ಡಯಾಲಿಸಿಸ್ಸಿಗೆ ಹೋದಾಗ ಯಾರಾದರೂ ಕಾಡಪ್ಪನಿಗೆ ಹೇಳಿಬಿಡುತ್ತಾರೆ ಎಂದು ಅವಳು ಅಂಜತೊಡಗಿದಳು. ಅವನ ಫೋನು ಬಡಿದುಕೊಂಡರೆ ಕೈಯಲ್ಲಿದ್ದ ಕೆಲಸ ಬಿಟ್ಟು ಕಿವಿಗೊಡುತ್ತಿದ್ದಳು. ಅವನು ಸುಮ್ಮನಿದ್ದರೆ ಗೊತ್ತಾಗಿದೆ ಎನಿಸುತ್ತಿತ್ತು, ಮಾತಾಡಿದರೆ ಈಗ ಕೇಳುತ್ತಾನೆ ಎನಿಸುತ್ತಿತ್ತು.

ಭದ್ರಮ್ಮನ ನಡುಮನೆಯಲ್ಲಿ ಇನ್ನೊಂದು ನಡೆಯಿತು. ಕಿಡ್ನಿ ಹೊಂದಲಿಲ್ಲವೆಂಬ ಸುದ್ದಿ ಬಂದಿದ್ದೇ ತಡ, ಅವರೆಲ್ಲ ಸೇರಿ ಮಹಾದೇವಿಯನ್ನೇ ಧಾರಾವಾಹಿ ಮಾಡಿಬಿಟ್ಟರು. ಆ ಸಂಜೆ ಅವಳು ಬಂದು ಕೂತಾಗ ಜಾಗ ಬಿಟ್ಟುಕೊಟ್ಟರು. ಒಬ್ಬಳು ಚಹಾ ತಂದಿಟ್ಟಳು. ಕೊಡೋ ಮನಸ್ಸಿದ್ದರೂ ದೇವರು ಒಪ್ಪಲಿಲ್ಲ ಎಂದರು ಭದ್ರಮ್ಮ. ಟೀವಿಯವಳಾದರೆ ಕಾಸಿಗೆ ಅಳುತ್ತಾಳೆ, ಇವಳದು ನಿಜವಾದ್ದು ಎಂದೂ ಹೇಳಿದರು. ಯಮುನಾ ಕೂಡ ಆ ದಿನ ವಾದ ಮಾಡಲಿಲ್ಲ.

ನಾನೂ ಅಲ್ಲಿದ್ದೆ, ಬಾಡಿಗೆಯ ವಿಷಯ ಮಾತಾಡಲು ಇಳಿದು ಬಂದಿದ್ದೆ. ಮಹಾದೇವಿ ಚಹಾ ಮುಟ್ಟಲಿಲ್ಲ. ಹೊಗಳಿಕೆ ಹೆಚ್ಚಿದಷ್ಟೂ ಅವಳ ಹಣೆ ಬೆವರುತ್ತಿತ್ತು.

"ನನ್ನದು ಹೊಂದಿತ್ರಿ. ನಾನ ಒಲ್ಲೆ ಅಂದೆ" ಎಂದಳು.

ಯಾರೋ ಟೀವಿಯ ಸದ್ದು ತಗ್ಗಿಸಿದರು. ಅವಳ ಪಕ್ಕ ಕೂತಿದ್ದವಳು ಗೊತ್ತಾಗದಂತೆ ಸ್ವಲ್ಪ ಸರಿದಳು. ಒಬ್ಬಳು, ಮುತ್ತೈದೆಯಾಗಿ ಇಂಥ ಮಾತೇ ಎಂದಳು. ಯಮುನಾ ಅವಳ ಮೇಲೆ ರೇಗಿದಳು. ನಿನ್ನ ಗಂಡನಿಗೆ ಬಂದಾಗ ನೀನು ಕೊಡುವೆಯಂತೆ, ಸುಮ್ಮನಿರು ಎಂದಳು. ಮತ್ತೆ ಎರಡು ಪಕ್ಷವಾಯಿತು, ದನಿಗಳು ಏರಿದವು. ಯಾವ ಪಕ್ಷದವರೂ ಮಹಾದೇವಿಯ ಮುಖ ನೋಡುತ್ತಿರಲಿಲ್ಲ. ಅವಳು ಎದ್ದು ಹೊರಟಳು. ಈ ಮಾತು ಇನ್ನು ಅಂಗಳ ದಾಟುತ್ತದೆ. ದಾಟುವ ಮೊದಲು ತಾನೇ ಹೇಳಬೇಕು.

ಕಾಡಪ್ಪ ಕೋಣೆಯಲ್ಲಿ ಗೋಡೆಗೆ ದಿಂಬು ಕೊಟ್ಟು ಕೂತಿದ್ದ. ಮಗಳು ಅವನ ಪಕ್ಕದಲ್ಲಿ ಮಗ್ಗಿ ಬರೆಯುತ್ತಿದ್ದಳು. ಮಹಾದೇವಿ ಹೊಸ್ತಿಲಲ್ಲೇ ನಿಂತು ಹೇಳಿದಳು. ಒಳಗೆ ಕಾಲಿಡಲು ಧೈರ್ಯ ಬರಲಿಲ್ಲ. ಹೊಡೆದರೆ ಹೊಡೆಯಲಿ, ಅವನು ಅತ್ತರೆ ಮಾತ್ರ ತಡೆಯಲಾರೆ ಎಂದುಕೊಂಡಿದ್ದಳಂತೆ. ಅವನು ಹೊಡೆಯಲೂ ಇಲ್ಲ, ಅಳಲೂ ಇಲ್ಲ.

"ಅಂಜಿಕಿ ಆತೇನು?" ಎಂದು ಕೇಳಿದ.

"ಹೂಂ."

"ನನಗೂ ಆಕ್ಕೈತಿ. ಸೂಜಿ ತಂದಾಗೊಮ್ಮೆ."

ಅದಾದ ಮೇಲೆ ಅವರಿಬ್ಬರ ನಡುವೆ ಎಲ್ಲ ಸರಿಹೋಯಿತು ಎಂದು ನಾನು ಬರೆಯಲಾರೆ. ಎಷ್ಟೋ ದಿನ ಅವನು ಅವಳ ಜೊತೆ ಅಗತ್ಯಕ್ಕಿಂತ ಹೆಚ್ಚು ಮಾತಾಡಲಿಲ್ಲ. ಊರಿನಿಂದ ಅತ್ತೆ ಫೋನಿನಲ್ಲಿ ಶಾಪ ಹಾಕಿದಳು. ಕೋಣೆಗಳ ಸಾಲಿನಲ್ಲಿ ಇಬ್ಬರು ಹೆಂಗಸರು ಮಹಾದೇವಿ ಬಂದರೆ ನಲ್ಲಿಯಿಂದ ಕೊಡ ತೆಗೆದುಕೊಂಡು ಹೋಗುತ್ತಾರೆ. ಮುತ್ತಣ್ಣ ಇನ್ನೂ ರಕ್ತ ಕೊಟ್ಟಿಲ್ಲ, ಶಿಫ್ಟು ಬದಲಾಗಲಿ ಎನ್ನುತ್ತಾನೆ. ಅವನನ್ನು ಯಾರಾದರೂ ಬೈದರೆ ಮಹಾದೇವಿ ಅದಕ್ಕೆ ದನಿಗೂಡಿಸುವುದಿಲ್ಲ. ಸತ್ತವರಿಂದ ಸಿಗುವ ಕಿಡ್ನಿಗಾಗಿ ಕಾಡಪ್ಪನ ಹೆಸರನ್ನು ಬರೆಸಿ ಬಂದಿದ್ದಾರೆ. ಅವನಿಗಿಂತ ಮುಂದೆ ಬಹಳ ಜನರಿದ್ದಾರೆ.

ಬದಲಾದದ್ದು ಒಂದು. ಡಯಾಲಿಸಿಸ್ಸಿಗಾಗಿ ಅವನ ಎಡಗೈಯ ರಕ್ತನಾಳಗಳನ್ನು ಕೂಡಿಸಿ ಹೊಲಿದಿದ್ದಾರೆ. ಅಲ್ಲಿ ಚರ್ಮ ಹಗ್ಗದಂತೆ ಉಬ್ಬಿದೆ. ಇಷ್ಟು ದಿನ ಮಹಾದೇವಿ ಆ ಕೈಯನ್ನು ಕಣ್ಣೆತ್ತಿ ನೋಡಿದವಳಲ್ಲ. ಒಂದು ಬೆಳಿಗ್ಗೆ ಅವನೇ ಕೈ ಚಾಚಿ, ಇಲ್ಲಿ ಬೆರಳಿಡು ಎಂದ. ಒಳಗೆ ಹರಿಯುವ ರಕ್ತ, ದುಂಬಿ ಸಿಕ್ಕಿಕೊಂಡಂತೆ ಗುಂಯ್ಗುಡುತ್ತಿತ್ತು. ಅವಳು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು. ದಿನಾ ನೋಡಬೇಕು, ಇದು ನಿಂತರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು, ಒಮ್ಮೊಮ್ಮೆ ತನಗೇ ಗೊತ್ತಾಗುವುದಿಲ್ಲ ಎಂದ.

ಈಗ ಶಿಫ್ಟಿಗೆ ಹೊರಡುವ ಮುಂಚೆ ಅವಳು ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತು ಆ ಉಬ್ಬಿನ ಮೇಲೆ ಮೂರು ಬೆರಳಿಡುತ್ತಾಳೆ. ಕೋಣೆಯ ಬಾಗಿಲು ತೆರೆದೇ ಇರುವುದರಿಂದ ಮಹಡಿಯ ಮೆಟ್ಟಿಲಿಂದ ನನಗೆ ಕಾಣುತ್ತದೆ. ಮೊದಲು ಅವಳಿಗೆ ಏನೂ ತಿಳಿಯುವುದಿಲ್ಲ. ಬೆರಳು ಜಾಗ ಹುಡುಕುತ್ತದೆ, ಅವಳು ಉಸಿರು ಹಿಡಿಯುತ್ತಾಳೆ, ಮುಖ ಬಿಳಿಚಿಕೊಳ್ಳುತ್ತದೆ. ಆಮೇಲೆ ಗುಂಯ್ ಎನ್ನುವುದು ಸಿಗುತ್ತದೆ. ಸೆರಗು ಸಿಕ್ಕಿಸಿಕೊಂಡು, ಬುತ್ತಿಯ ಚೀಲ ಹಿಡಿದು, ಕಂಪನಿ ಬಸ್ಸಿಗೆ ಓಡುತ್ತಾಳೆ.